ಭೂಮಿ ಕಾಯುವುದು, ಕುರಿ ಕಾಯುವುದು

ತೆಲಿಗಿಯಲ್ಲಿ ಪಕ್ಕೀರಮ್ಮನ ನಾಲಿಗೆಗೆ ಹೆದರದೆ ಇದ್ದದ್ದು ಎರಡೇ: ಆಕೆಯ ನಲವತ್ತು ಕುರಿಗಳು ಮತ್ತು ಕಿವಿ ಕೇಳದ ಗಂಡ ದೊಡ್ಡಬೀರಪ್ಪ. ಬಾಗಳಿಯಿಂದ ಮದುವೆಯಾಗಿ ಬಂದಾಗಿನಿಂದ ಕುರಿ ಕಾಯುವುದೇ ಆಕೆಯ ಬದುಕು. ಸುತ್ತಲಿನ ಹೊಲಗಳಲ್ಲೆಲ್ಲ ಮೆಕ್ಕೆಜೋಳ ಎದ್ದ ಮೇಲೆ ಮೇಯಿಸಲು ಉಳಿದದ್ದು ಊರಾಚೆಯ ಗೋಮಾಳ ಒಂದೇ. ಅದು ಹೋದರೆ ಕುರಿಯೂ ಹೋದ ಹಾಗೆ.

ಹೋದ ವರ್ಷ ಸೊಸೆ ಶೃತಿ ಅತ್ತೆಗೆ ಸಹಿ ಕಲಿಸಿದಳು. ಕುರಿ ಹೊಡೆಯುವ ಕೋಲಿನಿಂದ ಹತ್ತು ದಿನ ಮಣ್ಣಲ್ಲಿ ಗೀಚಿದ ಮೇಲೆ 'ಪಕ್ಕೀರಮ್ಮ' ಎಂಬ ನಾಲ್ಕು ಅಕ್ಷರ ಕೈಗೆ ಹತ್ತಿದವು. ಓದು ಬರಲಿಲ್ಲ, ಬೇಕೆಂದೂ ಅನಿಸಲಿಲ್ಲ. ಅಷ್ಟಕ್ಕೇ ಸೊಕ್ಕು ನೆತ್ತಿಗೇರಿತು. ನಿನ್ನೆಯವರೆಗೆ ತಾನೂ ಶಾಯಿ ಬೆರಳಿನವಳೇ ಎಂಬುದನ್ನು ಮರೆತು ಓಣಿಯವರನ್ನೆಲ್ಲ "ಏ ಹೆಬ್ಬೆಟ್ಟು" ಎಂದು ಕರೆಯತೊಡಗಿದಳು.

ಏಪ್ರಿಲ್ ಬಿಸಿಲಲ್ಲಿ ಕಂಪನಿಯೊಂದು ಸಮುದಾಯ ಭವನದಲ್ಲಿ ಕುರಿಗಾರರ ಸಭೆ ಕರೆಯಿತು. "ಭೂಮಿ ಯಾಕ ಕಾಯ್ತೈತಿ ಅಂತ ಬ್ಯಾನರ್ ಹಾಕ್ಯಾರ ಅತ್ತಿ," ಎಂದಳು ಶೃತಿ.

"ಭೂಮಿನ್ಯಾಕ ಕಾಯಬೇಕಲೇ? ಅದೇನು ಕುರಿ ಹಂಗ ಮಂದಿ ಹೊಲಕ್ಕ ನುಗ್ಗತೈತೇನು?"

ಬಾಗಿಲಲ್ಲಿ ಒಬ್ಬ ಹಾಳೆ ಹಿಡಿದು ಕೂತಿದ್ದ. ಊಟದ ಚೀಟಿಗೆ ಹೆಬ್ಬೆಟ್ಟು ಒತ್ತಿರಿ ಎಂದ.

"ತಡೀರಿ ಅತ್ತಿ, ಓದಿ ಹೇಳ್ತೀನಿ."

"ಹೆಬ್ಬೆಟ್ಟಿನವ್ರಿಗೆ ಓದಿ ಹೇಳು. ನನಗ್ಯಾಕ?" ಎಂದು ಪಕ್ಕೀರಮ್ಮ ಪೆನ್ನು ಕಸಿದುಕೊಂಡು, ಎಲ್ಲರೂ ನೋಡುವಂತೆ ಸಹಿ ಹಾಕಿದಳು.

ಕಂಪನಿಯ ಯರ್ರಿಸ್ವಾಮಿ ಪರದೆಯ ಮೇಲೆ ಚಿತ್ರ ತೋರಿಸಿದ. ಕಲ್ಲಿದ್ದಲು, ಸಿಮೆಂಟು ಕಾರ್ಖಾನೆ, ವಿಮಾನ, ಕಾರು, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿದುಹೋದವು. ಕುರಿಯ ಚಿತ್ರ ಮಾತ್ರ ಅರ್ಧ ಗಂಟೆ ನಿಂತಿತು. ಕುರಿ ತೇಗಿದಾಗ ಬರುವ ಅನಿಲದಿಂದ ಭೂಮಿ ಬಿಸಿಯಾಗುತ್ತದೆ ಎಂದ. ಸುಳ್ಳೇನಲ್ಲ. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ. ಆದರೆ ಆನೆ ಕದ್ದವನ ಕಡೆಯವನೇ ಬಂದು ಅಡಿಕೆ ಕದ್ದವಳಿಗೆ ಬುದ್ಧಿ ಹೇಳಿದರೆ ಏನೆನ್ನಬೇಕು? ಹೊರಗೆ ಅವನ ಕಾರು, ಎಸಿ ನಿಲ್ಲಬಾರದೆಂದು, ಬೆಳಗಿನಿಂದ ಗುರುಗುಡುತ್ತಲೇ ಇತ್ತು.

ಮಧ್ಯಾಹ್ನ ಮಟನ್ ಬಿರಿಯಾನಿ. ಟಗರು ಪಕ್ಕೀರಮ್ಮನದೇ, ಕಂಪನಿಯೇ ಕೊಂಡಿತ್ತು. ಎರಡು ಸಲ ಹಾಕಿಸಿಕೊಂಡ ಯರ್ರಿಸ್ವಾಮಿ ವಂದನೆ ಹೇಳಲು ಬಾಯಿ ತೆರೆದ. ಬಂದದ್ದು ದೊಡ್ಡ ತೇಗು.

"ಸಾಹೇಬ್ರ," ಎಂದಳು ಪಕ್ಕೀರಮ್ಮ, "ಈ ತೇಗು ನಿಮ್ದೋ, ನನ್ನ ಟಗರಿಂದೋ?"

ಭವನಕ್ಕೆ ಭವನವೇ ಬಿದ್ದು ಬಿದ್ದು ನಕ್ಕಿತು. ಆ ಒಂದು ಮಾತಿನ ಮೇಲೆ ಆಕೆ ಎರಡು ತಿಂಗಳು ಊರಲ್ಲಿ ಮೆರೆದಳು.

ಮುಂಗಾರಿಗೆ ಗೋಮಾಳದ ಸುತ್ತ ಮುಳ್ಳುತಂತಿ ಬಂತು. ದೂರದ ಯಾವುದೋ ಸಿಮೆಂಟು ಕಾರ್ಖಾನೆ ತನ್ನ ಹೊಗೆಯ ಪಾಪ ತೊಳೆದುಕೊಳ್ಳಲು ಈ ಕಂಪನಿಗೆ ದುಡ್ಡು ಕೊಟ್ಟು ಇಲ್ಲಿ ಕಾಡು ಬೆಳೆಸುತ್ತದಂತೆ. ಪಾಪ ಅವರದು, ಬೇಲಿ ತೆಲಿಗಿಗೆ. ಪಕ್ಕೀರಮ್ಮ ಉಳಿದ ಮೂವತ್ತೊಂಬತ್ತು ಕುರಿಗಳನ್ನು ಹೊಡೆದುಕೊಂಡು, ಶೃತಿಯನ್ನೂ ಕರೆದುಕೊಂಡು ಹೋಗಿ ಯರ್ರಿಸ್ವಾಮಿಯ ಕಾರಿಗೆ ಅಡ್ಡ ನಿಂತಳು. ಅವನು ಗಾಜಿಳಿಸಿ ಊಟದ ಚೀಟಿಯ ದಿನದ ಅದೇ ಹಾಳೆಯನ್ನು ಚಾಚಿದ.

"ನೀವ ಒಪ್ಪೀರಲ್ಲಮ್ಮ? ಉಳಿದವ್ರದ್ದೆಲ್ಲ ಹೆಬ್ಬೆಟ್ಟು. ನಿಮ್ದು ನೋಡ್ರಿ, ಚಂದಾಗಿ ಸಹಿ ಐತಿ."

ಪಕ್ಕೀರಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. "ಈಗರ ಓದವ್ವ," ಎಂದಳು ಸೊಸೆಗೆ.

ಶೃತಿ ಓದಿದಳು. ಇನ್ನು ಗೋಮಾಳಕ್ಕೆ ಕುರಿ ಬಿಡುವುದಿಲ್ಲವೆಂದು ಕುರಿಗಾರರು ಒಪ್ಪಿದ್ದಾರೆ ಎಂದಿತ್ತು. ಕುರಿ ಎಂಬ ಮಾತು ಹನ್ನೊಂದು ಸಲ ಬಂದಿತ್ತು. ಕಾರ್ಖಾನೆಯ ಹೆಸರು ಒಂದು ಸಲವೂ ಇರಲಿಲ್ಲ.

"ಸಹಿ ನಂದ ಐತ್ರಿ, ಇಲ್ಲ ಅನ್ನಂಗಿಲ್ಲ," ಎಂದಳು ಪಕ್ಕೀರಮ್ಮ. "ಹೊಗಿ ಬಿಟ್ಟವ್ನ ಸಹಿ ಎಲ್ಲೈತಿ, ತೋರಿಸ್ರಿ."

ಯರ್ರಿಸ್ವಾಮಿ ಗಾಜು ಏರಿಸಿಕೊಂಡ.