ಎರಡನೇ ಕಂಬದ ಪಕ್ಕ

ಡೀಸೆಲ್ಲಣ್ಣನ ಹೆಂಡತಿಯನ್ನು ಬೀದಿಯವರೆಲ್ಲ ಡೀಸೆಲ್ಲಕ್ಕ ಎಂದೇ ಕರೆಯುತ್ತಿದ್ದರು. ಗಂಡನ ಅಂಗಿಯ ಎಣ್ಣೆಜಿಡ್ಡು ತಿಕ್ಕಿ ತಿಕ್ಕಿ ಅವಳ ಬೆರಳಿಗೂ ಆ ವಾಸನೆ ಹತ್ತಿಬಿಟ್ಟಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಹೊಟ್ಟೆಪಾಡಿಗೆ ಆಯುಸ್ಸಿಡೀ ಎಂಜಿನ್ನುಗಳ ಆರ್ಭಟದ ನಡುವೆ ನಿಂತದ್ದಕ್ಕೆ, ಕೆಲಸದಿಂದ ನಿವೃತ್ತನಾಗುವ ಹೊತ್ತಿಗೆ ಎರಡೂ ಕಿವಿ ಕೈಕೊಟ್ಟಿದ್ದವು. ಕಿವಿಗೆ ಹಾಕುವ ಮೆಷಿನ್ ತಂದುಕೊಟ್ಟರೆ, "ತಲೆಯೊಳಗೆ ಜೀರುಂಡೆ ಕೂತ ಹಾಗಿದೆ" ಎಂದು ಕಿತ್ತು ಡಬ್ಬಿಗೆ ಹಾಕಿದ.

ಅವನು ಕೆಟ್ಟವನಲ್ಲ. ಕುಡಿತವಿಲ್ಲ, ಹೊಡೆತಬಡಿತವಿಲ್ಲ. ಆದರೆ ಮನೆಯಲ್ಲೊಬ್ಬಳು ಹೆಂಡತಿ ಇದ್ದಾಳೆಂಬುದು ಅವನಿಗೆ, ಗೋಡೆಯ ಮೇಲೊಂದು ಗಡಿಯಾರ ಇದೆ ಎಂಬಷ್ಟೇ ಮಾಮೂಲಿ ಸಂಗತಿ. ತಟ್ಟೆ ಎದುರಿಗೆ ಬಂದರೆ ಉಣ್ಣುತ್ತಿದ್ದ, ತಂದಿಟ್ಟವಳತ್ತ ತಲೆ ಎತ್ತುತ್ತಿರಲಿಲ್ಲ. ಕಿವಿ ಹೋದ ಮೇಲಂತೂ ಇದ್ದ ನಾಲ್ಕು ಮಾತೂ ನಿಂತುಹೋದವು.

ಮನೆಗೆ ಅಂಟಿಕೊಂಡೇ ಒಂದು ಗ್ಯಾರೇಜಿತ್ತು. ಬೀದಿಯವರ ಕಾರು ರಿಪೇರಿ ಮಾಡುತ್ತ ದಿನ ತಳ್ಳುತ್ತಿದ್ದವನಿಗೆ ಮಂಡಿ ಹಿಡಿದುಕೊಂಡಿತು. ಕಾರಿನಡಿ ಮಲಗಿದರೆ ಏಳಲಾಗದು. "ಕಾರಿಗೊಂದು ಜಾಕ್, ನನ್ನ ಎತ್ತೋಕೆ ಇನ್ನೊಂದು ಜಾಕ್ ಬೇಕು ಕಣೇ" ಎಂದು ತಾನೇ ನಕ್ಕ. ಆಮೇಲೆ ಒಂದು ದಿನ, ಕಾರನ್ನೇ ಆಳೆತ್ತರಕ್ಕೆ ಎತ್ತಿ ನಿಲ್ಲಿಸುವ ಲಿಫ್ಟ್ ಹಾಕಿಸುತ್ತೇನೆಂದು ಹಟ ಹಿಡಿದ.

ಫಿಟ್ಟರ್ ಬಂದು ಸುತ್ತಿಗೆಯಿಂದ ನೆಲ ಕುಟ್ಟಿ ನೋಡಿದ. "ಈ ನೆಲ ಭಾರ ತಡೆಯಲ್ಲ ಅಕ್ಕ. ಬೋಲ್ಟು ಮಣ್ಣುಸಮೇತ ಎದ್ದು ಬರುತ್ತೆ. ಅಗೆದು ಹೊಸದಾಗಿ ಕಾಂಕ್ರೀಟ್ ಹಾಕಿ. ಚಾವಣಿ ತಗಡು ಮೇಲಕ್ಕೆತ್ತಿಸಿ, ಇಲ್ಲಾಂದ್ರೆ ಕಾರಿನ ತಲೆ ಒಡೆಯುತ್ತೆ." ಅವಳು ಅದನ್ನು ಗಂಡನಿಗೆ ಕೈಸನ್ನೆಯಲ್ಲಿ ಹೇಳುವಷ್ಟರಲ್ಲಿ ಅರ್ಧ ನಾಟಕವೇ ಆಯಿತು. ತಲೆ ಒಡೆಯುವುದನ್ನು ಮಾಡಿ ತೋರಿಸಿದಾಗ ಅವನು ಬಿದ್ದು ಬಿದ್ದು ನಕ್ಕ. ಹೊಸ ಕಾಂಕ್ರೀಟಿನ ಮೇಲೆ ಗೋಣಿಚೀಲ ಹಾಸಿ, ಒಣಗಗೊಡದೆ ನೀರುಣಿಸಿದವಳು ಅವಳೇ. ಜ್ವರದ ಮಗುವಿನ ಹಣೆಗೆ ಬಟ್ಟೆ ಬದಲಿಸುವವಳ ಹಾಗೆ ಆಗಾಗ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದಳು.

ಎರಡು ಕಂಬ ನಿಂತವು. ಒಂದೊಂದು ಕಂಬಕ್ಕೆ ಎರಡೆರಡು ಕಬ್ಬಿಣದ ತೋಳು. ತೋಳುಗಳನ್ನು ಕಾರಿನ ಹೊಟ್ಟೆಯಡಿಗೆ ಕೊಟ್ಟು ಗುಂಡಿ ಒತ್ತಿದರೆ ಕಾರು ಮೇಲೇಳುತ್ತಿತ್ತು. ಎದ್ದ ಮೇಲೆ ತುಸು ಇಳಿಸಿ, ಕಂಬದೊಳಗಿನ ಕೊಂಡಿಗಳ ಮೇಲೆ ಕೂರಿಸಬೇಕು. ಕೊಂಡಿ ಟಕ್ಕೆಂದು ಬೀಳುತ್ತದೆ. ಎರಡೂ ಕಡೆ ಬಿದ್ದರೆ ಮಾತ್ರ ಕೆಳಗೆ ಕಾಲಿಡಬೇಕು.

"ಅಣ್ಣ ನಿಲ್ಲೋ ಕಡೆ ಕೊಂಡಿ ಕಣ್ಣಿಗೆ ಕಾಣುತ್ತೆ" ಎಂದ ಫಿಟ್ಟರ್. "ಆಚೆ ಕಂಬದ್ದು ಗೋಡೆ ಕಡೆಗಿದೆ, ಯಾರಿಗೂ ಕಾಣಲ್ಲ. ಅದನ್ನ ಕೇಳಿಯೇ ತಿಳೀಬೇಕು. ಇವರ ಕಿವಿ ನೋಡಿದ್ರೆ ಹೀಗೆ. ಇನ್ಮೇಲೆ ನೀವೇ ಇವರ ಕಿವಿ ಅಕ್ಕ."

ಹೀಗೆ ಡೀಸೆಲ್ಲಕ್ಕನಿಗೆ ಎರಡನೇ ಕಂಬದ ಪಕ್ಕ ಒಂದು ಜಾಗ ಸಿಕ್ಕಿತು. ಟಕ್ಕೆಂದ ಕೂಡಲೇ ಅವಳು ಕೈ ಎತ್ತಬೇಕು. ಅವಳ ಕೈ ಏಳುವ ತನಕ ಅವನು ಅಲ್ಲಾಡುವಂತಿಲ್ಲ. ಅವಳ ಮುಖವನ್ನೇ ನೋಡುತ್ತ ನಿಲ್ಲಬೇಕು. ತಾಳಿ ಕಟ್ಟುವಾಗಲೂ ಅವನು ಅಷ್ಟು ಹೊತ್ತು ಅವಳ ಮುಖ ನೋಡಿರಲಿಲ್ಲ. ಗ್ಯಾರೇಜಿಗೆ ಹೋಗುವ ಮುಂಚೆ ತಲೆ ಬಾಚಿಕೊಳ್ಳುವುದನ್ನು ಅವಳು ರೂಢಿ ಮಾಡಿಕೊಂಡಳು. ಒಮ್ಮೊಮ್ಮೆ, ಕೊಂಡಿ ಬಿದ್ದ ಮೇಲೂ ಉಸಿರೆಳೆದುಕೊಳ್ಳುವಷ್ಟು ಹೊತ್ತು ತಡೆದು ಕೈ ಎತ್ತುತ್ತಿದ್ದಳು.

ಟ್ಯಾಕ್ಸಿ ಓಡಿಸುವ ಪಕ್ಕದ ಮನೆಯವನು ಇದನ್ನು ನೋಡಿ ಸುಮ್ಮನಿದ್ದಾನೆಯೇ? "ಏನಕ್ಕ, ಈ ವಯಸ್ಸಲ್ಲಿ ಕಣ್ಣಲ್ಲಿ ಕಣ್ಣಿಟ್ಟು! ನನ್ನ ಕಾರು ಮೇಲೆ ನೇತಾಡ್ತಿದೆ, ಸ್ವಲ್ಪ ಅದನ್ನೂ ನೋಡಿ."

"ನೇತಾಡಲಿ ಬಿಡಪ್ಪ. ಓಡಿ ಓಡಿ ಅದಕ್ಕೂ ಸುಸ್ತಾಗಿರುತ್ತೆ" ಎಂದಳು ಅವಳು.

ಎರಡು ವರ್ಷ ಹೀಗೆ ಕಳೆದವು. ಆಮೇಲೆ ಒಂದು ಬೆಳಿಗ್ಗೆ, ಅವಳು ಬೆನ್ನು ತಿರುಗಿಸಿ ಪಾತ್ರೆ ಒರೆಸುತ್ತಿದ್ದಾಗ ಹಾಲು ಉಕ್ಕಿ ಒಲೆ ಆರಿತು. ಚುಂಯ್ ಎಂದ ಸದ್ದೇ ಅವಳಿಗೆ ತಿಳಿಯಲಿಲ್ಲ. ಇನ್ನೊಂದು ದಿನ ಬಾಗಿಲು ಬಡಿದು ಬಡಿದು ಸಾಕಾದ ಟ್ಯಾಕ್ಸಿಯವನು ಕಿಟಕಿಗೆ ಬಂದ. ಗ್ಯಾರೇಜಿನಲ್ಲಿ ಟಕ್ ಎಂಬುದು ಮೊದಲು ಪಕ್ಕದ ಕೋಣೆಯಿಂದ ಬಂದಂತೆ, ಆಮೇಲೆ ಬೀದಿಯಾಚೆಯಿಂದ ಬಂದಂತೆ ಕೇಳಿತು. ಕಡೆಗೆ ಬರಲೇ ಇಲ್ಲ.

ಅವಳು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಹೇಳಿದರೆ ಆ ಜಾಗ ಹೋಗುತ್ತದೆ. ಅಡುಗೆಮನೆಗೆ ವಾಪಸು, ಮತ್ತೆ ತಲೆ ಎತ್ತದ ಗಂಡ. ಅದಕ್ಕೆ ಅವಳೇ ಒಂದು ದಾರಿ ಹುಡುಕಿಕೊಂಡಳು. ಅಂಗೈಯನ್ನು ಕಂಬಕ್ಕೆ ಒತ್ತಿ ಹಿಡಿದರೆ, ಕೊಂಡಿ ಬಿದ್ದಾಗ ಕಬ್ಬಿಣ ಒಮ್ಮೆ ಜುಮ್ಮೆನ್ನುತ್ತಿತ್ತು. ಒಂದು ಕೈ ಕಂಬದ ಹಿಂದೆ, ಇನ್ನೊಂದು ಕೈ ಮೇಲೆ. ಬೇಸಿಗೆ ಕಳೆದು ಮಳೆ ಬರುವ ತನಕ ಅದು ಒಮ್ಮೆಯೂ ಸುಳ್ಳಾಗಲಿಲ್ಲ.

ಆ ದಿನ ಟ್ಯಾಕ್ಸಿಯವನ ಮನೆಯಲ್ಲಿ ನಲ್ಲಿ ಪೈಪಿಗೆಂದು ಮೆಷಿನ್ನಿನಿಂದ ಗೋಡೆ ಕೊರೆಯುತ್ತಿದ್ದರು. ಅವನ ಗೋಡೆಗೂ ಗ್ಯಾರೇಜಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಕಾರು ಮೇಲೆದ್ದಿತು. ಅಂಗೈಯಡಿ ಕಬ್ಬಿಣ ಜುಮ್ಮೆಂದಿತು. ಅವಳು ಕೈ ಎತ್ತಿದಳು.

ಗಂಡ ತನ್ನ ಕಡೆಯ ಕೊಂಡಿ ನೋಡಿಕೊಂಡು ಮುಂದೆ ಕಾಲಿಟ್ಟ. ಅವಳ ಕಡೆ ಕೊಂಡಿ ಬಿದ್ದಿರಲಿಲ್ಲ, ಜುಮ್ಮೆಂದದ್ದು ಪಕ್ಕದ ಮನೆಯ ಕೊರೆತಕ್ಕೆ. ಅಷ್ಟರಲ್ಲಿ ಅವಳ ಕಡೆಯ ತೋಳು ಜಾರಿತು. ಕಾರು ಪಕ್ಕಕ್ಕೆ ವಾಲಿ ಮೊಳದಷ್ಟು ಕುಸಿಯಿತು. ಹೇಗೋ ಕೆಳಗಿನ ಕೊಂಡಿಗೆ ಸಿಕ್ಕಿ ನಿಂತಿತು. ಅವನ ಭುಜಕ್ಕೆ ಕಾರಿನ ತಗಡಿನ ಅಂಚು ಸವರಿ ಅಂಗಿ ಹರಿದಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತಲೆಯೇ ಸಿಗುತ್ತಿತ್ತು.

ಅವಳಿಗೆ ಮೇಲೆತ್ತಿದ್ದ ಕೈಯನ್ನು ಇಳಿಸುವುದೂ ಮರೆತುಹೋಗಿತ್ತು. ಅವನ ಕಣ್ಣು ಕಂಬಕ್ಕೊತ್ತಿದ್ದ ಇನ್ನೊಂದು ಕೈಯ ಮೇಲೆ ಬಿತ್ತು. ಅವಳನ್ನು ದಾಟಿ ಹಿಂದಕ್ಕೆ ಹೋದ. ಅವಳು ಕಾರನ್ನೇ ನೋಡುತ್ತ ನಿಂತಿದ್ದಳು. ಕೆಲಹೊತ್ತಿನ ಮೇಲೆ ತಿರುಗಿದಾಗ ಅವನು ಕಬ್ಬಿಣದ ಬಕೆಟ್ಟೊಂದನ್ನು ಸುತ್ತಿಗೆಯಿಂದ ಬಲವಾಗಿ ಬಡಿಯುತ್ತಿದ್ದ. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದನೋ! ಬಾಗಿಲಲ್ಲಿ ಟ್ಯಾಕ್ಸಿಯವನು ಕಿವಿ ಮುಚ್ಚಿಕೊಂಡು ನಿಂತಿದ್ದ.

ಅವನು ಸುತ್ತಿಗೆ ಕೆಳಗಿಟ್ಟ.

"ಯಾವಾಗಿಂದ?" ಎಂದು ಕಿರುಚಿದ.

"ಬೇಸಿಗೆಯಿಂದ" ಎಂದು ಅವಳೂ ಕಿರುಚಿದಳು. ಇಬ್ಬರೂ ಒಬ್ಬರ ತುಟಿ ಒಬ್ಬರು ನೋಡುತ್ತಿದ್ದರು.

"ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತಿದ್ರಿ."

"ನಿಲ್ಲಿಸಿದ್ರೆ ಏನಾಗ್ತಿತ್ತು ನಿಂಗೆ?"

"ಅವರ ಮುಖ ನೋಡ್ತಿದ್ರಿ."

ಟ್ಯಾಕ್ಸಿಯವನು ಮೆಲ್ಲಗೆ ಹೊರಗೆ ಸರಿದ. ಡೀಸೆಲ್ಲಣ್ಣ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತ. ಅವಳು ಬೈಗುಳಕ್ಕೆ ಕಾದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಹರಿದ ಅಂಗಿಯೊಳಗೆ ಅವನ ಭುಜ ಅಲುಗುತ್ತಿತ್ತು.

ಮಾರನೆಯ ದಿನ ಫಿಟ್ಟರನಿಗೆ ಹೇಳಿ ಕಳಿಸಿದ್ದು ತಿಳಿದಾಗ ಅವಳು ಅವನ ಎದುರಿಗೆ ಬಂದು ನಿಂತಳು. "ರೀ, ಟ್ಯಾಕ್ಸಿಯವನನ್ನ ನಿಲ್ಲಿಸಿ. ಯಾರನ್ನಾದ್ರೂ ನಿಲ್ಲಿಸಿ. ನಾನು ಸುಮ್ಮನೆ ಮೂಲೆಯಲ್ಲಿ ಇರ್ತೀನಿ. ಲಿಫ್ಟ್ ತೆಗೆಸ್ಬೇಡಿ."

ಅವನು ತುಟಿ ಬಿಡಿಸಿ ಬಿಡಿಸಿ, ಅವಳಿಗೆ ತಿಳಿಯುವ ಹಾಗೆ ಹೇಳಿದ: "ನೀನು ಮೂಲೆಯಲ್ಲಿದ್ರೂ ನನ್ನ ಕಣ್ಣು ನಿನ್ನ ಕಡೆಗೇ ಬರುತ್ತೆ. ನೀನು ಕೈ ಎತ್ತದೆ ನಂಗೆ ಹೆಜ್ಜೆ ಏಳಲ್ಲ. ನೀನು ಎತ್ತಿದ್ರೆ ನಂಬಿ ಹೋಗ್ಬಿಡ್ತೀನಿ. ನನಗೇನಾದ್ರೂ ಆದ್ರೆ ನೀನು ಬದುಕಿರ್ತೀಯೇನೇ?"

ಇಷ್ಟು ವರ್ಷದಲ್ಲಿ ಅವನು ಅವಳಿಗಾಗಿ ಆಡಿದ ಅತಿ ಉದ್ದದ ಮಾತು ಅದು. ಅದನ್ನು ಕೇಳಲು ಅವಳಿಗೆ ಕಿವಿ ಇರಲಿಲ್ಲ. ತುಟಿ ನೋಡಿ ಕೂಡಿಸಿಕೊಂಡಳು.

ಫಿಟ್ಟರ್ ಬಂದು ಬೋಲ್ಟು ಬಿಚ್ಚಿದ. ಕಂಬಗಳನ್ನು ಲಾರಿಗೆ ಮಲಗಿಸಿ ಹಗ್ಗ ಬಿಗಿದ. "ನೆಲ ಮಾತ್ರ ಕಲ್ಲಾಗಿದೆ ಅಕ್ಕ, ಚೆನ್ನಾಗಿ ನೀರುಣಿಸಿದ್ದೀರಿ" ಎಂದದ್ದು ಅವಳಿಗೆ ಕೇಳಲಿಲ್ಲ. ಲಾರಿ ಬೀದಿ ತಿರುವಿನಲ್ಲಿ ಮರೆಯಾಗುವ ತನಕ ಗಂಡಹೆಂಡಿರಿಬ್ಬರೂ ಗೇಟಿನ ಬಳಿ ಅಕ್ಕಪಕ್ಕ ನಿಂತಿದ್ದರು.

ಅವನು ಬೀದಿಯನ್ನೇ ನೋಡುತ್ತ ಏನೋ ಅಂದ. ದವಡೆ ಆಡಿದ್ದು ಅವಳಿಗೆ ಓರೆಗಣ್ಣಿನಲ್ಲಿ ಕಂಡಿತು, ಮಾತು ತಿಳಿಯಲಿಲ್ಲ. ಇಷ್ಟು ದಿನದ ಅಭ್ಯಾಸಬಲ, ಕೇಳಿಸಿದವಳ ಹಾಗೆ ಹೂಂ ಎಂದು ತಲೆಯಾಡಿಸಿದಳು. ಅವನು ತಿರುಗಿ ಅವಳನ್ನು ನೋಡಿದ. ಆ ಹೂಂ ಎಂಥದೆಂದು ಈಗ ಅವನಿಗೂ ಗೊತ್ತಿತ್ತು. ಇನ್ನೊಮ್ಮೆ ಹೇಳಲು ಬಾಯಿ ತೆರೆದವನು, ಹೇಳದೆ ಮುಚ್ಚಿಕೊಂಡು ಒಳಗೆ ಹೋದ.