ಕಾಯಿಲ್ ಮಾವನ ಎಂಜಲು ಜ್ವರ

ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿಯ ಕಾಯಿಲ್ ಸುತ್ತಿ ಜೀವ ಕೊಡುವವನನ್ನು ಬೀದಿಯೆಲ್ಲ ಕಾಯಿಲ್ ಮಾವ ಎನ್ನುತ್ತಿತ್ತು. ನಲವತ್ತು ದಾಟುವ ಮೊದಲೇ ಬೆರಳು ಜೋಮು ಹಿಡಿದು, ಕಾಲು ಹೇಳಿದ ಮಾತು ಕೇಳದಾಯಿತು. "ಹಗಲಲ್ಲೇ ಏರಿಸ್ಕೊಂಡವ್ನೆ" ಎಂದರು, ತೂರಾಡುವುದನ್ನು ಕಂಡವರು. ಜನರ ಬಾಯಿಗೆ ಬೀಗ ಹಾಕಲಾದೀತೇ!

ನರದ ಡಾಕ್ಟರು ಅವನ ಕಸುಬಿನ ಮಾತಲ್ಲೇ ಹೇಳಿದರು. "ನಿಮ್ಮ ತಂತಿಗಿರೋ ಹಾಗೆ ನರಕ್ಕೂ ಒಂದು ಹೊದಿಕೆ ಇರುತ್ತೆ. ಮೈಯೊಳಗಿನ ಕಾವಲುಗಾರರೇ ಅದನ್ನ ಶತ್ರು ಅಂದ್ಕೊಂಡು ಕೆರೀತಿದಾರೆ. ಹಿಂದೆ ಬಂದ ಒಂದು ವೈರಸ್ಸಿನ ಚಹರೆ ಈ ಹೊದಿಕೇನ ಹೋಲುತ್ತೆ, ಅದಕ್ಕೇ ಮೋಸ ಹೋಗಿರಬಹುದು ಅಂತ ಅನುಮಾನ. ಎಂಜಲಿಂದ ಹರಡೋ ವೈರಸ್ಸು. ಗಂಟಲು ಬಾತು ಜ್ವರ ಬಂದಿತ್ತಾ?"

"ಇಪ್ಪತ್ಮೂರನೇ ವಯಸ್ಸಲ್ಲಿ," ಎಂದ ಮಾವ.

ಪಕ್ಕದಲ್ಲಿದ್ದ ಹೆಂಡತಿಗೆ ಹೊದಿಕೆಯೂ ಬೇಡ, ಕಾವಲುಗಾರರೂ ಬೇಡ. ಕಿವಿಗೆ ಬಿದ್ದದ್ದು ಎಂಜಲೊಂದೇ. ಅವರ ಮದುವೆಯಾದಾಗ ಅವನಿಗೆ ಇಪ್ಪತ್ತನಾಲ್ಕು!

"ಯಾರ್ರೀ ಅವಳು?" ಮನೆ ಬಾಗಿಲು ಹಾಕುವ ಮೊದಲೇ ಶುರು.

"ನೆನಪಿಲ್ಲ ಕಣೆ."

"ನೆನಪಾದಾಗ ಹೇಳಿ. ಸೂಜಿ ಚುಚ್ಚೋಕೂ ಅವಳನ್ನೇ ಕರೀರಿ!"

ಕಾಯಿಲೆ ಇನ್ನಷ್ಟು ಏರದಿರಲೆಂದು ಕೊಟ್ಟ ಇಂಜೆಕ್ಷನ್ನು ಫ್ರಿಜ್ಜಿನಲ್ಲಿತ್ತು. ಮಾವನ ಬೆರಳಿಗೆ ಸಿರಿಂಜು ನಿಲ್ಲದು. ನರ್ಸು ಚುಚ್ಚಲು ಕಲಿಸಿದ್ದು ಇವಳಿಗೇ. ಸೋಮವಾರದ ಸೂಜಿ ಗುರುವಾರವಾದರೂ ಬೀಳಲಿಲ್ಲ. ಇವಳೋ, ಮದುವೆಯ ಆಲ್ಬಮ್ ತೆಗೆದು ಬಂದಿದ್ದ ಹೆಂಗಸರ ಬಾಯನ್ನೆಲ್ಲ ಭೂತಗನ್ನಡಿಯಲ್ಲಿ ಪರೀಕ್ಷಿಸಿದಳು. ಅವನು ಆಗ ಕೆಲಸಕ್ಕಿದ್ದ ಪಂಪಿನಂಗಡಿಯ ಯಜಮಾನತಿಯ ನಗುವಿನ ಮೇಲೆ ಅನುಮಾನ ಬಂತು. ಆಕೆಗೆ ಆಗಲೇ ಅರವತ್ತು.

ಗುರುವಾರ ಸಂಜೆ ಮಗನನ್ನು ನೋಡಲು ಬಂದ ಅತ್ತೆ ಜಗಳ ಕೇಳಿ ಹಣೆ ಚಚ್ಚಿಕೊಂಡರು. "ಆ ಜ್ವರವಾ? ನಿಮ್ಮ ಮದುವೆ ಮಾತು ಆಗಿತ್ತಲ್ಲೇ ಆಗ! ನೀನು ಗಂಟಲು ಬಾತು ಮಲಗಿದ್ದೋಳು ಆಗಷ್ಟೇ ಎದ್ದಿದ್ದೆ. ಇಬ್ರೂ ಒಂದೇ ಐಸ್‌ಕ್ಯಾಂಡಿ ಚೀಪ್ಕೊಂಡು ಬಂದ್ರಿ. ತಿಂಗಳೊಪ್ಪತ್ತಿಗೆ ಇವನು ಮಲಗಿದ."

ಅವಳು ಭೂತಗನ್ನಡಿ ಕೆಳಗಿಟ್ಟಳು. ಗಂಡನತ್ತ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು."

"ಮತ್ಯಾಕ್ರೀ ಇಷ್ಟು ದಿನ ಬೈಸ್ಕೊಂಡ್ರಿ?"

"ನೀನು ನನ್ನ ಬೈದ್ರೆ ನನಗೆ ಅಭ್ಯಾಸ. ನಿನ್ನ ನೀನೇ ಬೈಕೊಳ್ಳೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಆ ವೈರಸ್ಸು ಹೆಚ್ಚುಕಮ್ಮಿ ಎಲ್ರಿಗೂ ಬಂದಿರುತ್ತಂತೆ, ಈ ಕಾಯಿಲೆ ಮಾತ್ರ ಎಲ್ಲೋ ಕೆಲವರಿಗೆ. ಯಾಕೆ ಅಂತ ಅವರಿಗೂ ಸರಿಯಾಗಿ ಗೊತ್ತಿಲ್ಲ. ಡಾಕ್ಟರು ಇದನ್ನೂ ಹೇಳಿದ್ರು. ನೀನು ಎಂಜಲು ಅಂದ ತಕ್ಷಣ ಕಿವಿ ಮುಚ್ಕೊಂಡೆ."

ಅವಳು ಮೂಗೊರೆಸಿಕೊಂಡು ಫ್ರಿಜ್ಜು ತೆಗೆದಳು. ನರ್ಸು ಕಲಿಸಿದಂತೆ ಅವನ ತೊಡೆಯ ಚರ್ಮ ಹಿಡಿದೆತ್ತಿ, ಉಸಿರು ಬಿಗಿಹಿಡಿದು ಚುಚ್ಚಿದಳು. "ಅಯ್ಯಯ್ಯೋ, ಅಮ್ಮಾ!" ಎಂದು ಕಿರುಚಿದ್ದೂ ಅವಳೇ.