ಶ್ರುತಿ ಇಳಿಸಿದ ಮುದುಕರು

ಗಲ್ಫಿನಿಂದ ರಜೆಗೆ ಬಂದಿದ್ದ ತಮ್ಮ ವಾಪಸು ಹೋಗುವಾಗ ತನ್ನ ಹಳೆಯ ಕಾರನ್ನು ನನಗೆ ಬಿಟ್ಟುಹೋದ. ಕಾರಿನ ಜೊತೆ ಒಂದು ಪೆನ್‌ಡ್ರೈವ್ ಕೂಡ ನನ್ನ ಪಾಲಿಗೆ ಬಂತು. ಅದರ ತುಂಬ ಅಮೆರಿಕದ ಒಂದೇ ಬ್ಯಾಂಡಿನ ಹಾಡುಗಳು. ಹುಡುಗರಾಗಿದ್ದಾಗಿನಿಂದ ಒಟ್ಟಿಗೆ ಬಾರಿಸುತ್ತಾ ಈಗ ಮುದುಕರಾದವರಂತೆ. ಪಲ್ಲವಿ ಮುಗಿದದ್ದೇ ತಡ, ಗಿಟಾರಿನವನು ತೋಚಿದ ಕಡೆಗೆ ಹೊರಡುತ್ತಾನೆ, ಉಳಿದವರು ಬೆನ್ನು ಹಿಡಿಯುತ್ತಾರೆ. ಸಂಜೆ ನನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಹೊರಟಾಗ ಕುಂಬಳೆ ಪೇಟೆಯ ಟ್ರಾಫಿಕ್ ಬ್ಲಾಕಿನಲ್ಲಿ ಶುರುವಾದ ಹಾಡು, ಸೀತಾಂಗೋಳಿ ದಾಟಿದರೂ ಮುಗಿಯುವುದಿಲ್ಲ.

ಮೊದಮೊದಲು ತಲೆ ಚಿಟ್ಟುಹಿಡಿಯಿತು. ಆಮೇಲೆ, ಮಾತಿಗೆ ಮಾತು ಆ ಕ್ಷಣಕ್ಕೇ ಹುಟ್ಟುವ ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಇದು ಯಾವ ಮಹಾ ಅನ್ನಿಸಿತು. ಮುಂದೆ ಏನು ಬರುತ್ತದೆಂದು ಬಾರಿಸುವವನಿಗೇ ತಿಳಿಯದಿರುವ ಸುಖ ನಮ್ಮ ಊರಿಗೆ ಹೊಸದಲ್ಲವಲ್ಲ.

ತಮ್ಮ ಮಾತ್ರ ಭಾರೀ ಶಿಸ್ತಿನ ಅಭಿಮಾನಿ. ವಾಯ್ಸ್ ಮೆಸೇಜಿನಲ್ಲೇ ನನಗೆ ಪಾಠ ಹೇಳುತ್ತಾನೆ. "ಅಕ್ಕಾ, ಮೊದಮೊದಲಿನದ್ದು ಮಾತ್ರ ಕೇಳು. ಕೊನೆಯ ಆಲ್ಬಮ್ಮುಗಳಲ್ಲಿ ಎಂತ ಉಂಟು? ಮುದುಕರ ಟೈಂಪಾಸ್ ಅಷ್ಟೇ."

ನನಗೆ ಹಿಡಿಸಿದ್ದು ಆ ಟೈಂಪಾಸೇ. ಹಳೆಯದರಲ್ಲಿ ಗಿಟಾರಿನವನು ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಓಡುತ್ತಾನೆ. ಕೊನೆಯ ಆಲ್ಬಮ್ಮುಗಳಲ್ಲಿ ಅವನೇ ನಿಂತು ಪಿಯಾನೋದವನಿಗೆ ದಾರಿ ಬಿಡುತ್ತಾನೆ. ಹಾಡುವಾಗ ಎಲ್ಲರ ಸ್ವರವೂ ಕೇಳುತ್ತದೆ. ಒಬ್ಬನದು ಸ್ವಲ್ಪ ಒಡಕು, ಅದನ್ನೂ ಮುಚ್ಚಿಡಲಿಲ್ಲ. ನನಗೆ ಅವರ ಹೆಸರುಗಳು ಬಾರವು, ಹಾಡಿನ ಮಾತುಗಳು ಅರ್ಧಕ್ಕರ್ಧ ತಿಳಿಯವು. ಹಾಗೆಂದು ಖುಷಿಪಡಲಿಕ್ಕೆ ತಮ್ಮನ ಅಪ್ಪಣೆ ಬೇಕೇ?

ಆ ದಿನಗಳಲ್ಲಿ ನನಗೆ ಖುಷಿ ಸಿಗುತ್ತಿದ್ದದ್ದು ಕಾರಿನಲ್ಲಿ ಮಾತ್ರ. ಪುತ್ತಿಗೆಯ ನಮ್ಮ ಮನೆಯ ಹತ್ತಿರದ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಹಾರ್ಮೋನಿಯಂ ನನ್ನದು, ಹಾಡು ನನ್ನ ಸೋದರಮಾವನದು. ಎಪ್ಪತ್ತು ದಾಟಿದರೂ ಮಾವ ಹಾಡುತ್ತಿದ್ದದ್ದು ಕಪ್ಪು ಮೂರರಲ್ಲಿ. ಹಾರ್ಮೋನಿಯಮ್ಮಿನ ಮೂರನೆಯ ಕಪ್ಪು ಮನೆಯೇ ಅವರ ಷಡ್ಜ. ಗಂಡಸಿಗೆ ಅದು ಮರ ಹತ್ತಿ ನಿಂತು ಕೂಗಿದಷ್ಟು ಮೇಲಿನ ಶ್ರುತಿ. ಅಜ್ಜ ಹಾಡಿದ್ದೂ ಅದರಲ್ಲೇ ಎಂಬ ಹೆಮ್ಮೆ ಬೇರೆ. ಒಂದು ಶನಿವಾರ ಮೇಲಿನ ಸಾಲಿಗೆ ಹೋದ ಸ್ವರ ಒಡೆಯಿತು. ಮತ್ತೊಮ್ಮೆ ಎತ್ತಿದರು, ಮತ್ತೂ ಒಡೆಯಿತು. ಮಾವ ಕೈಯಲ್ಲಿದ್ದ ತಾಳವನ್ನು ಕೆಳಗಿಟ್ಟರು. ಮುಂದಿನ ಶನಿವಾರ ಮಂದಿರಕ್ಕೆ ಬರಲೇ ಇಲ್ಲ.

"ಶ್ರುತಿ ಇಳಿಸುವ, ಮಾವ," ಎಂದು ಮನೆಗೇ ಹೋಗಿ ಹೇಳಿದೆ.

"ಇಳಿಸಿ ಹಾಡುವುದಕ್ಕಿಂತ ಬಾಯಿ ಮುಚ್ಚಿ ಕೂರುವುದು ಮರ್ಯಾದೆ," ಎಂದರು.

ಕೂತೇಬಿಟ್ಟರು. ಬಚ್ಚಲಿನಲ್ಲಿ ಕೂಡ ಗುನುಗುವುದಿಲ್ಲ ಎಂದು ಅತ್ತೆ ಕಣ್ಣು ಒರೆಸಿಕೊಂಡರು. ಮಂದಿರದಲ್ಲಿ ಭಜನೆ ಕುಂಟುತ್ತಾ ನಡೆಯಿತು. ಮಾವನಿಲ್ಲದೆ ನನಗೆ ಹಾರ್ಮೋನಿಯಂ ಪೆಟ್ಟಿಗೆ ತೆರೆಯಲಿಕ್ಕೇ ಮನಸ್ಸು ಬರುತ್ತಿರಲಿಲ್ಲ. ಹಾಡು ಬಿಟ್ಟರೆ ಮಾವನೇ ಕೈತಪ್ಪಿ ಹೋಗುತ್ತಾರೆ ಎಂದು ಹೆದರಿದ್ದೆ.

ಅಷ್ಟರಲ್ಲಿ ಪೆನ್‌ಡ್ರೈವಿನಲ್ಲಿ ಒಂದು ವಿಷಯ ಸಿಕ್ಕಿತು. ಒಂದೇ ಹಾಡು ಎರಡು ಸಲ ಇತ್ತು, ಹುಡುಗರಾಗಿದ್ದಾಗ ಹಾಡಿದ್ದೊಂದು, ಕೊನೆಯ ಆಲ್ಬಮ್ಮಿನಲ್ಲಿ ಪುನಃ ಹಾಡಿದ್ದೊಂದು. ಎರಡನೆಯದು ಯಾಕೋ ತಂಪು. ಮನೆಗೆ ತಂದು ಹಾರ್ಮೋನಿಯಂ ಹಿಡಿದು ನೋಡಿದೆ. ಮೊದಲಿನದು ಬಿಳಿ ಮೂರು, ಆಮೇಲಿನದು ಬಿಳಿ ಎರಡು. ಕಳ್ಳ ಮುದುಕರು! ಯಾರಿಗೂ ಹೇಳದೆ ಕೇಳದೆ ಶ್ರುತಿ ಇಳಿಸಿದ್ದರು. ನಾನು ಒಬ್ಬಳೇ ಕೂತು ನಕ್ಕೆ.

ಭಜನೆಗೆ ಬನ್ನಿ ಎಂದರೆ ಮಾವ ಬರುವವರಲ್ಲ, ಮಧೂರು ದೇವಸ್ಥಾನಕ್ಕೆ ಎಂದರೆ ಅಂಗಿ ಹಾಕಿ ತಯಾರು. ದೇವರಿಗೆ ಕೈಮುಗಿದು, ಅಪ್ಪದ ಪ್ರಸಾದ ತೆಗೆದುಕೊಂಡು ವಾಪಸು ಹೊರಟೆವು. ಕಾರು ರಸ್ತೆಗೆ ಬಂದದ್ದೇ ಆ ಹಾಡು ಹಾಕಿದೆ. ಮೊದಲು ಹುಡುಗರದ್ದು.

ಮಾವ ಅಪ್ಪ ತಿನ್ನುತ್ತಾ ಕೇಳಿದರು. "ಎಂತ ಮಾರಾಯ್ತಿ ಇದು? ಹಾಡುವವ ಎಲ್ಲಿ ಹೋದ?"

"ಬರ್ತಾನೆ ಮಾವ. ಈಗ ಬಾರಿಸುವವರ ಸರದಿ."

"ಓ, ಭಾಗವತರು ಪದ ಹೇಳಿ ಚೆಂಡೆಗೆ ಬಿಟ್ಟ ಹಾಗೆ. ಆದರೆ ಭಾರೀ ಅರ್ಜೆಂಟು ಇವರಿಗೆ."

ಎರಡನೆಯದು ಹಾಕಿದೆ. ಅಪ್ಪದ ಪೊಟ್ಟಣದ ಮೇಲೆ ಮಾವನ ಬೆರಳು ತಾಳ ಹಾಕತೊಡಗಿತು. ಒಡಕು ಸ್ವರದವನು ಹಾಡುವಾಗ ಬೆರಳು ನಿಂತಿತು, ಉಳಿದವರು ಅವನ ಜೊತೆ ಸೇರಿದಾಗ ಮತ್ತೆ ಶುರುವಾಯಿತು.

"ಅವರೇನಾ ಇವರು?"

"ಅವರೇ. ಹುಡುಗರು ಮುದುಕರಾದರು."

"ಶ್ರುತಿ ಇಳಿಸಿದ್ದಾರೆ," ಎಂದರು ಮಾವ.

ನಾನು ಹೇಳದೆಯೇ ಹಿಡಿದುಬಿಟ್ಟಿದ್ದರು. "ಹೌದು ಮಾವ. ಮರ್ಯಾದೆ ಹೋಯಿತಾ ಅವರದ್ದು?"

ಮಾವ ಕಿಟಕಿಯ ಕಡೆ ತಿರುಗಿದರು. ಮನೆಯೆದುರು ಇಳಿಯುವಾಗ, "ಆ ಒಡಕಿನವ ಒಳ್ಳೇ ಹಾಡ್ತಾನೆ," ಎಂದರು.

ಶನಿವಾರ ನಾನು ಹಾರ್ಮೋನಿಯಂ ತೆರೆಯುವಾಗ ಮಾವ ಪಕ್ಕದಲ್ಲಿ ಬಂದು ಕೂತರು. ತಗ್ಗಿದ ದನಿಯಲ್ಲಿ, "ಬಿಳಿ ಎರಡು ಹಿಡಿ," ಎಂದರು. ಹಿಡಿದೆ. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಸ್ವರ ಕೆಳಗಿತ್ತು, ಅಗಲವಾಗಿತ್ತು, ಅಲ್ಲಲ್ಲಿ ಸಣ್ಣ ಒಡಕಿತ್ತು. ಮೇಲಿನ ಸಾಲು ಬಂತು. ಮಾವ ಅವಸರವಿಲ್ಲದೆ ಹತ್ತಿ, ಅಲ್ಲಿ ಸ್ವಲ್ಪ ನಿಂತು, ಇಳಿದರು.

ಮುಂದಿನದನ್ನು ನಾನು ನೆನೆಸಿಯೇ ಇರಲಿಲ್ಲ. ಇಷ್ಟು ಕಾಲ ತುಟಿ ಮಾತ್ರ ಅಲ್ಲಾಡಿಸುತ್ತಿದ್ದ ಗಂಡಸರು ಬಾಯಿ ಬಿಟ್ಟು ಹಾಡಿದರು. ಹಿಂದೆ ಕೂತ ಹೆಂಗಸರು ಸೇರಿದರು, ಮಕ್ಕಳು ಸೇರಿದರು. ಮಂದಿರದ ಶೀಟಿನ ಮಾಡು ನಡುಗುವಷ್ಟು ಸ್ವರ. ಕಣ್ಣು ತುಂಬಿ ನನಗೆ ಹಾರ್ಮೋನಿಯಮ್ಮಿನ ಮನೆಗಳೇ ಕಾಣಲಿಲ್ಲ, ಅಂದಾಜಿನಲ್ಲಿ ಬಾರಿಸಿದೆ.

ಭಜನೆ ಮುಗಿದ ಮೇಲೆ ಮಾವ ತಿರುಗಿ ಎಲ್ಲರನ್ನೂ ನೋಡಿದರು. "ಇಷ್ಟು ವರ್ಷ ನಿಮ್ಮ ಸ್ವರ ಎಲ್ಲಿತ್ತು ಮಾರಾಯ್ರೆ?"

ಹಿಂದಿನಿಂದ ಅತ್ತೆ ಹೇಳಿದರು. "ನೀವು ಹತ್ತಿದಲ್ಲಿಗೆ ನಮಗೆ ಬರ್ಲಿಕ್ಕೆ ಆಗ್ಬೇಕಲ್ಲ?"